ನಾಲ್ಕು ಡಿಸ್ಕ್‌ನ ಪೆಟ್ಟಿಗೆ ಕೊಂಡರೆ ಮದುವೆ ವಿಡಿಯೋ ಕಳೆದುಹೋಗುವುದೇ ಇಲ್ಲವೇ?

ಫೋಟೋ ಸ್ಟುಡಿಯೋ ನಡೆಸುವವರು, ಯೂಟ್ಯೂಬ್ ಚಾನೆಲ್ ಇಟ್ಟುಕೊಂಡವರು, ಮದುವೆ ವಿಡಿಯೋ ಎಡಿಟ್ ಮಾಡುವವರು ಇರುವ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಆಗಾಗ ಓಡಾಡುತ್ತದೆ. ಅದರ ಸಾರ ಹೀಗಿರುತ್ತದೆ: "ನಾಲ್ಕು ಹಾರ್ಡ್ ಡಿಸ್ಕ್ ಹಾಕುವ ಪೆಟ್ಟಿಗೆ ತಗೊಳ್ಳಿ. ಒಂದು ಡಿಸ್ಕ್ ಹೋದರೂ ಡೇಟಾ ಹೋಗಲ್ಲ. ಬ್ಯಾಕಪ್ ಚಿಂತೆ ಇಲ್ಲ. ಎಡಿಟಿಂಗ್ ಹ್ಯಾಂಗ್ ಆಗಲ್ಲ. ಹಳೆಯ ಡಿಸ್ಕ್‌ಗಳನ್ನೇ ಹಾಕಿದರೂ ನಡೆಯುತ್ತೆ." ಕೊನೆಯಲ್ಲಿ ಎಂದಿನಂತೆ, "ಎಲ್ಲ ಎಡಿಟರ್ ಮಿತ್ರರಿಗೂ ಕಳಿಸಿ."

ಈ ಸಂದೇಶದಲ್ಲಿ ಅರ್ಧ ನಿಜ ಇದೆ. ಉಳಿದ ಅರ್ಧವನ್ನು ನಂಬಿದರೆ ಒಂದು ಕುಟುಂಬದ ಮದುವೆಯ ವಿಡಿಯೋ ಶಾಶ್ವತವಾಗಿ ಮಾಯವಾಗಬಹುದು. ಧಾರೆಯ ಕ್ಷಣವನ್ನು ಮತ್ತೊಮ್ಮೆ ಚಿತ್ರೀಕರಿಸಲು ಆಗುವುದಿಲ್ಲ. ಅಜ್ಜಿ ಅಕ್ಷತೆ ಹಾಕಿದ ದೃಶ್ಯಕ್ಕೆ ರೀಟೇಕ್ ಇಲ್ಲ. ಹಾಗಾಗಿ ಈ ಸಂದೇಶದ ಒಂದೊಂದು ಮಾತನ್ನೂ ಬಿಡಿಸಿ ನೋಡೋಣ.

ಚುಟುಕಾಗಿ ಹೇಳುವುದಾದರೆ: ಹಲವು ಡಿಸ್ಕ್‌ಗಳ ಪೆಟ್ಟಿಗೆ ಜಾಗ ಕೊಡುತ್ತದೆ, ವೇಗ ಕೊಡುತ್ತದೆ, ಒಂದು ಡಿಸ್ಕ್ ಕೆಟ್ಟ ದಿನವೂ ಕೆಲಸ ನಿಲ್ಲದಂತೆ ನೋಡಿಕೊಳ್ಳಬಲ್ಲದು. ಅದು ಎರಡನೇ ಪ್ರತಿಯನ್ನು ಕೊಡುವುದಿಲ್ಲ. ಎರಡನೇ ಪ್ರತಿಯನ್ನು ನಾವೇ ಮಾಡಿಡಬೇಕು.

ಅಷ್ಟಕ್ಕೂ ಈ ಪೆಟ್ಟಿಗೆ ಏಕೆ ಬೇಕಾಯಿತು?

ಲೆಕ್ಕ ಹಾಕಿ ನೋಡಿದರೆ ಕಾರಣ ತಿಳಿಯುತ್ತದೆ. ಇಂದು ಅನೇಕ ಕ್ಯಾಮೆರಾಗಳು 4ಕೆ ವಿಡಿಯೋವನ್ನು ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ದಾಖಲಿಸುತ್ತವೆ. 8 ಬಿಟ್‌ಗೆ 1 ಬೈಟ್. ಅಂದರೆ ಸೆಕೆಂಡಿಗೆ 12.5 ಮೆಗಾಬೈಟ್, ಗಂಟೆಗೆ ಸುಮಾರು 45 ಜಿಬಿ. ಎರಡು ದಿನದ ಮದುವೆಯಲ್ಲಿ ಮೂರು ಕ್ಯಾಮೆರಾಗಳು ತಲಾ 5 ಗಂಟೆ ರೆಕಾರ್ಡ್ ಮಾಡಿದರೆ ಒಟ್ಟು 15 ಗಂಟೆ, ಅಂದರೆ 675 ಜಿಬಿ. 512 ಜಿಬಿ ಇರುವ ಲ್ಯಾಪ್‌ಟಾಪ್‌ನಲ್ಲಿ ಒಂದು ಮದುವೆಯೂ ಹಿಡಿಸುವುದಿಲ್ಲ. ಒಂದು ಸೀಸನ್‌ನಲ್ಲಿ ಇಂಥ 20 ಮದುವೆ ಮಾಡಿದರೆ 13.5 ಟಿಬಿ ಆಗುತ್ತದೆ.

ಆಗ ಸ್ಟುಡಿಯೋದವರು ಏನು ಮಾಡುತ್ತಾರೆ? ಒಂದೊಂದಾಗಿ ಪೋರ್ಟಬಲ್ ಹಾರ್ಡ್ ಡಿಸ್ಕ್ ಕೊಳ್ಳುತ್ತಾ ಹೋಗುತ್ತಾರೆ. ಕೆಲವು ವರ್ಷಗಳಲ್ಲಿ ಡ್ರಾಯರ್ ತುಂಬ ಡಿಸ್ಕ್‌ಗಳು. ಮೇಲೆ ಅಂಟಿಸಿದ ಚೀಟಿ ಉದುರಿ, ಯಾವ ಮದುವೆ ಯಾವುದರಲ್ಲಿದೆ ಎಂದು ಹುಡುಕುವುದೇ ಒಂದು ಕೆಲಸ. ಇದಕ್ಕಿಂತ ಎಲ್ಲವನ್ನೂ ಒಂದು ದೊಡ್ಡ ಪೆಟ್ಟಿಗೆಗೆ ಸಾಗಿಸುವುದು ಒಳ್ಳೆಯ ಯೋಚನೆಯೇ. ಪೆಟ್ಟಿಗೆಯಿಂದ ಏನನ್ನು ನಿರೀಕ್ಷಿಸಬೇಕು ಎಂಬುದು ಗೊತ್ತಿದ್ದರೆ ಸಾಕು.

ಪೆಟ್ಟಿಗೆಯೊಳಗೆ ಏನು ನಡೆಯುತ್ತದೆ?

ಎರಡು, ನಾಲ್ಕು, ಐದು ಅಥವಾ ಹೆಚ್ಚು ಡಿಸ್ಕ್‌ಗಳನ್ನು ಒಟ್ಟಿಗೆ ಹಾಕಿ, ಒಂದೇ ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಜೋಡಿಸುವ ಡಬ್ಬಿಗೆ ಎನ್‌ಕ್ಲೋಷರ್ ಎನ್ನುತ್ತಾರೆ. ಕೆಲವು ಪೆಟ್ಟಿಗೆಗಳು ಪ್ರತಿ ಡಿಸ್ಕನ್ನೂ ಬೇರೆ ಬೇರೆಯಾಗಿಯೇ ತೋರಿಸುತ್ತವೆ. ಇನ್ನು ಕೆಲವು ಎಲ್ಲವನ್ನೂ ಸೇರಿಸಿ ಒಂದೇ ದೊಡ್ಡ ಡಿಸ್ಕ್ ಎಂಬಂತೆ ತೋರಿಸುತ್ತವೆ. ಹೀಗೆ ಸೇರಿಸುವ ವಿಧಾನಕ್ಕೆ ರೇಡ್ ಎಂದು ಹೆಸರು. 1988ರಲ್ಲಿ ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್ಯಾಂಡಿ ಕಾಟ್ಜ್ ಪ್ರಕಟಿಸಿದ ಪ್ರಬಂಧದಿಂದ ಈ ಹೆಸರು ಜನಪ್ರಿಯವಾಯಿತು. ಒಂದು ದುಬಾರಿ ಡಿಸ್ಕ್‌ನ ಬದಲು ಅಗ್ಗದ ಹಲವು ಡಿಸ್ಕ್‌ಗಳನ್ನು ಜೊತೆಯಾಗಿ ದುಡಿಸಬಹುದು ಎಂಬುದು ಅವರ ವಾದ.

ಈ ಜೋಡಣೆಯಲ್ಲಿ ಕೆಲವು ಬಗೆಗಳಿವೆ. ತಲಾ 4 ಟಿಬಿಯ ನಾಲ್ಕು ಡಿಸ್ಕ್ ಇವೆ ಎಂದುಕೊಂಡು ನೋಡೋಣ.

ರೇಡ್ 0: ಪ್ರತಿ ಫೈಲನ್ನೂ ಚೂರು ಚೂರು ಮಾಡಿ ನಾಲ್ಕೂ ಡಿಸ್ಕ್‌ಗಳಿಗೆ ಹಂಚುತ್ತದೆ. ಪೂರ್ತಿ 16 ಟಿಬಿ ಜಾಗ ಸಿಗುತ್ತದೆ. ನಾಲ್ಕು ಡಿಸ್ಕ್‌ಗಳೂ ಒಟ್ಟಿಗೆ ಓದುವುದರಿಂದ ವೇಗವೂ ಹೆಚ್ಚು. ಒಂದು ಡಿಸ್ಕ್ ಹೋದರೆ ಮಾತ್ರ ನಾಲ್ಕರಲ್ಲಿ ಇದ್ದದ್ದೆಲ್ಲ ಹೋದಂತೆ, ಏಕೆಂದರೆ ಯಾವ ದೊಡ್ಡ ಫೈಲೂ ಇಡಿಯಾಗಿ ಉಳಿದಿರುವುದಿಲ್ಲ.

ರೇಡ್ 10: ಡಿಸ್ಕ್‌ಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯ ಎರಡರಲ್ಲೂ ಒಂದೇ ದತ್ತಾಂಶ ಬರೆಯುತ್ತದೆ. ಜಾಗ 8 ಟಿಬಿ. ಎರಡೇ ಡಿಸ್ಕ್‌ನಲ್ಲಿ ಇದನ್ನು ಮಾಡಿದರೆ ರೇಡ್ 1 ಎನ್ನುತ್ತಾರೆ.

ರೇಡ್ 5: ಜಾಗ 12 ಟಿಬಿ. ಯಾವುದಾದರೂ ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುತ್ತದೆ.

ರೇಡ್ 6: ಜಾಗ 8 ಟಿಬಿ. ಯಾವುದೇ ಎರಡು ಡಿಸ್ಕ್ ಹೋದರೂ ಡೇಟಾ ಉಳಿಯುತ್ತದೆ.

ರೇಡ್ 5ರ ಜಾದೂ ಏನು? ಅದು ಬರೀ ಲೆಕ್ಕ. ಮೂರು ಡಬ್ಬಿಗಳಲ್ಲಿ 7, 4, 9 ರೂಪಾಯಿ ಇಟ್ಟು, ನಾಲ್ಕನೆಯ ಡಬ್ಬಿಯಲ್ಲಿ "ಒಟ್ಟು 20" ಎಂದು ಬರೆದ ಚೀಟಿ ಇಟ್ಟಿದ್ದೀರಿ ಎಂದುಕೊಳ್ಳಿ. ಎರಡನೆಯ ಡಬ್ಬಿ ಕಳೆದುಹೋದರೆ, 20ರಲ್ಲಿ 7 ಮತ್ತು 9 ಕಳೆದು, ಅದರಲ್ಲಿ 4 ರೂಪಾಯಿ ಇತ್ತೆಂದು ಹೇಳಬಹುದು. ಒಟ್ಟಿಗೆ ಎರಡು ಡಬ್ಬಿ ಕಳೆದರೆ ಈ ಲೆಕ್ಕ ಕೆಲಸಕ್ಕೆ ಬಾರದು. ರೇಡ್ 5 ಕೂಡ ಇದೇ ತತ್ವದ ಮೇಲೆ ನಿಂತಿದೆ. ಅಲ್ಲಿ ಕೂಡುವ ಬದಲು ಬಿಟ್‌ಗಳ ಮೇಲೆ ಬೇರೊಂದು ಗಣಿತ ನಡೆಯುತ್ತದೆ, ಆ "ಚೀಟಿ"ಯನ್ನು ಒಂದೇ ಡಿಸ್ಕ್‌ನಲ್ಲಿ ಇಡದೆ ಎಲ್ಲದರಲ್ಲೂ ಹಂಚಿ ಇಡುತ್ತದೆ, ಅಷ್ಟೇ ವ್ಯತ್ಯಾಸ.

ಮಾತು 1: "ಒಂದು ಡಿಸ್ಕ್ ಹೋದರೂ ಡೇಟಾ ಹೋಗಲ್ಲ, ಬ್ಯಾಕಪ್ ಬೇಡ"

ಮೊದಲ ಅರ್ಧ ಷರತ್ತಿನ ಮೇಲೆ ನಿಜ, ಎರಡನೆಯ ಅರ್ಧ ಪೂರ್ತಿ ತಪ್ಪು.

ಷರತ್ತು ಏನೆಂದರೆ, ಪೆಟ್ಟಿಗೆಯನ್ನು ಯಾವ ಬಗೆಯಲ್ಲಿ ಹೊಂದಿಸಿದ್ದೀರಿ ಎಂಬುದು. ಜಾಗ ಮತ್ತು ವೇಗದ ಆಸೆಗೆ ರೇಡ್ 0 ಆರಿಸಿಕೊಂಡರೆ ಅಪಾಯ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಉದಾಹರಣೆಗೆ, ಒಂದು ಡಿಸ್ಕ್ ವರ್ಷದೊಳಗೆ ಕೆಡುವ ಸಾಧ್ಯತೆ ಶೇ 3 ಎಂದು ಇಟ್ಟುಕೊಳ್ಳೋಣ. ನಾಲ್ಕು ಡಿಸ್ಕ್‌ಗಳ ಪೈಕಿ ಕನಿಷ್ಠ ಒಂದು ಕೆಡುವ ಸಾಧ್ಯತೆ ಸುಮಾರು ಶೇ 11.5ಕ್ಕೆ ಏರುತ್ತದೆ. ರೇಡ್ 0ದಲ್ಲಿ ಒಂದು ಕೆಟ್ಟರೆ ಎಲ್ಲವೂ ಕೆಟ್ಟಂತೆ.

ರೇಡ್ 5 ಹಾಕಿದ್ದೀರಿ, ಒಂದು ಡಿಸ್ಕ್ ಕೆಟ್ಟಿತು ಅನ್ನೋಣ. ಕೆಲಸ ನಡೆಯುತ್ತಿರುತ್ತದೆ. ಹೊಸ ಡಿಸ್ಕ್ ಹಾಕಿದಾಗ ಪೆಟ್ಟಿಗೆ ಉಳಿದ ಡಿಸ್ಕ್‌ಗಳನ್ನು ಮೊದಲಿಂದ ಕೊನೆಯವರೆಗೆ ಓದಿ, ಕಳೆದುಹೋದದ್ದನ್ನು ಮತ್ತೆ ಬರೆಯಬೇಕು. 16 ಟಿಬಿಯ ಡಿಸ್ಕನ್ನು ಸೆಕೆಂಡಿಗೆ 200 ಮೆಗಾಬೈಟ್ ವೇಗದಲ್ಲಿ ಒಮ್ಮೆಯೂ ನಿಲ್ಲದೆ ಬರೆದರೂ 22 ಗಂಟೆ ಬೇಕು. ನಡುವೆ ಎಡಿಟಿಂಗ್ ಕೂಡ ಮಾಡುತ್ತಿದ್ದರೆ ಇನ್ನೂ ಹೆಚ್ಚು. ಒಂದೇ ದಿನ, ಒಂದೇ ಅಂಗಡಿಯಲ್ಲಿ ಕೊಂಡು, ಒಂದೇ ಬಿಸಿಯಲ್ಲಿ ಅಷ್ಟೇ ದಿನ ದುಡಿದ ಉಳಿದ ಡಿಸ್ಕ್‌ಗಳಿಗೆ ಈ ಅವಧಿಯಲ್ಲೇ ಅತಿ ಹೆಚ್ಚು ಶ್ರಮ. ಆಗ ಇನ್ನೊಂದು ಕೆಟ್ಟರೆ ಚೀಟಿಯ ಲೆಕ್ಕ ಮುಗಿಯಿತು.

ಇಷ್ಟಾದರೂ ಇವೆಲ್ಲ ಡಿಸ್ಕ್ ಕೆಡುವ ಮಾತು. ವಿಡಿಯೋಗಳು ಕಳೆದುಹೋಗುವ ದಾರಿಗಳು ಬೇರೆಯೂ ಇವೆ. ತಪ್ಪಿ ಫೋಲ್ಡರ್ ಡಿಲೀಟ್ ಮಾಡಿದರೆ ರೇಡ್ ಅದನ್ನು ಎಲ್ಲ ಡಿಸ್ಕ್‌ಗಳಿಂದಲೂ ವಿಧೇಯವಾಗಿ ಅಳಿಸುತ್ತದೆ. ಕಂಪ್ಯೂಟರ್‌ಗೆ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರ್ಯಾನ್ಸಮ್‌ವೇರ್ ಹೊಕ್ಕರೆ, ಜೋಡಿಸಿದ ಪೆಟ್ಟಿಗೆಯಲ್ಲಿರುವುದಕ್ಕೂ ಬೀಗ ಬೀಳುತ್ತದೆ. ಕಳ್ಳ ಪೆಟ್ಟಿಗೆಯನ್ನು ಹೊತ್ತೊಯ್ದರೆ ನಾಲ್ಕೂ ಡಿಸ್ಕ್ ಹೋದವು. ಮಳೆಗಾಲದಲ್ಲಿ ಸೂರು ಸೋರಿದರೂ ಅಷ್ಟೇ. ಡಿಸ್ಕ್‌ಗಳು ಚೆನ್ನಾಗಿದ್ದು ಪೆಟ್ಟಿಗೆಯ ಒಳಗಿನ ಸರ್ಕ್ಯೂಟ್ ಸುಟ್ಟುಹೋದರೆ ಇನ್ನೊಂದು ತೊಂದರೆ ಇದೆ: ರೇಡ್ ಜೋಡಣೆಯನ್ನು ಪೆಟ್ಟಿಗೆಯೇ ಮಾಡಿದ್ದರೆ, ಬೇರೆ ಕಂಪನಿಯ ಪೆಟ್ಟಿಗೆ ಆ ಡಿಸ್ಕ್‌ಗಳನ್ನು ಓದದೇ ಇರಬಹುದು.

ಡಿಲೀಟ್ ಆಗುವುದು ಸಣ್ಣ ಸ್ಟುಡಿಯೋಗಳ ಕಥೆ ಮಾತ್ರ ಎಂದುಕೊಳ್ಳಬೇಡಿ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ 'ಟಾಯ್ ಸ್ಟೋರಿ 2' ತಯಾರಾಗುತ್ತಿದ್ದಾಗ, ಯಾರೋ ಕೊಟ್ಟ ಒಂದು ತಪ್ಪು ಆದೇಶದಿಂದ ಚಿತ್ರದ ಬಹುಪಾಲು ಫೈಲ್‌ಗಳು ಅಳಿಸಿಹೋದವು. ಬ್ಯಾಕಪ್ ಇತ್ತು, ಆದರೆ ಅದು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ ಎಂಬುದು ಬೇಕಾದ ಹೊತ್ತಿನಲ್ಲಿ ಗೊತ್ತಾಯಿತು. ಹೆರಿಗೆಯ ನಂತರ ಮನೆಯಿಂದ ಕೆಲಸ ಮಾಡುತ್ತಿದ್ದ ತಾಂತ್ರಿಕ ನಿರ್ದೇಶಕಿ ಗೇಲಿನ್ ಸುಸ್ಮನ್ ಅವರ ಮನೆಯ ಕಂಪ್ಯೂಟರ್‌ನಲ್ಲಿದ್ದ ಪ್ರತಿ ಚಿತ್ರವನ್ನು ಉಳಿಸಿತು. ಬೇರೆ ಜಾಗದಲ್ಲಿ, ಬೇರೆ ಯಂತ್ರದಲ್ಲಿ ಇದ್ದ ಪ್ರತಿ ಅದು.

ಮಾತು 2: "ಎಡಿಟಿಂಗ್ ಹ್ಯಾಂಗ್ ಆಗಲ್ಲ"

ಹ್ಯಾಂಗ್ ಆಗುವುದು ಏಕೆ ಎಂಬುದರ ಮೇಲೆ ಇದು ನಿಂತಿದೆ.

ತಿರುಗುವ ತಟ್ಟೆಗಳಿರುವ ಒಂದು ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ಸೆಕೆಂಡಿಗೆ 150ರಿಂದ 250 ಮೆಗಾಬೈಟ್ ಓದುತ್ತದೆ. ತುಂಬುತ್ತಾ ಹೋದಂತೆ, ತಟ್ಟೆಯ ಒಳಸುತ್ತುಗಳಲ್ಲಿ ಈ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮೇಲೆ ಹೇಳಿದ ಮದುವೆ ಫೂಟೇಜ್‌ನ ಮೂರು ಕ್ಯಾಮೆರಾಗಳನ್ನು ಒಟ್ಟಿಗೆ ಓಡಿಸಲು ಬೇಕಿರುವುದು ಸೆಕೆಂಡಿಗೆ 37.5 ಮೆಗಾಬೈಟ್ ಮಾತ್ರ. ಒಂದೇ ಡಿಸ್ಕ್ ಅಷ್ಟನ್ನು ಕೊಡಬಲ್ಲದು.

ಹಾಗಿದ್ದರೂ ತಡವರಿಸುವುದೇಕೆ? ಬಹಳ ಸಲ ಕಾರಣ ಪ್ರೊಸೆಸರ್. ಕ್ಯಾಮೆರಾ ಜಾಗ ಉಳಿಸಲು ವಿಡಿಯೋವನ್ನು ಬಿಗಿಯಾಗಿ ಕುಗ್ಗಿಸಿರುತ್ತದೆ. ಪ್ರತಿ ಫ್ರೇಮನ್ನೂ ಪೂರ್ತಿ ಬರೆಯದೆ, ಅಕ್ಕಪಕ್ಕದ ಫ್ರೇಮಿಗೂ ಅದಕ್ಕೂ ಏನು ವ್ಯತ್ಯಾಸ ಎಂಬುದನ್ನು ಮಾತ್ರ ಬರೆಯುತ್ತದೆ. ನೀವು ನಡುವಿನ ಒಂದು ಫ್ರೇಮಿಗೆ ಹೋದರೆ ಕಂಪ್ಯೂಟರ್ ಸುತ್ತಲಿನ ಹಲವು ಫ್ರೇಮ್‌ಗಳನ್ನು ಬಿಡಿಸಿ ಇದನ್ನು ಕಟ್ಟಬೇಕು. ಈ ಕೆಲಸದಲ್ಲಿ ಡಿಸ್ಕ್‌ಗೆ ಪಾತ್ರ ಕಡಿಮೆ. ಇಲ್ಲಿ ಪರಿಹಾರ ಪ್ರಾಕ್ಸಿ, ಅಂದರೆ ಎಡಿಟಿಂಗ್ ಮಾಡಲು ಮಾತ್ರ ಬಳಸುವ ಹಗುರ ನಕಲು. ಪ್ರಮುಖ ಎಡಿಟಿಂಗ್ ತಂತ್ರಾಂಶಗಳಲ್ಲಿ ಈ ಸೌಲಭ್ಯ ಇದ್ದೇ ಇದೆ. ಇದಕ್ಕೆ ಪೆಟ್ಟಿಗೆ ಬೇಕಿಲ್ಲ.

ಪೆಟ್ಟಿಗೆಯ ವೇಗ ನಿಜಕ್ಕೂ ಬೇಕಾಗುವುದು ಭಾರದ ಫಾರ್ಮ್ಯಾಟ್‌ಗಳಿಗೆ. ಉದಾಹರಣೆಗೆ 4ಕೆ ಪ್ರೋರೆಸ್ 422 ಎಚ್‌ಕ್ಯೂ ಸೆಕೆಂಡಿಗೆ 25 ಫ್ರೇಮ್ ಇದ್ದಾಗ ಸುಮಾರು 737 ಮೆಗಾಬಿಟ್, ಅಂದರೆ 92 ಮೆಗಾಬೈಟ್ ಕೇಳುತ್ತದೆ. ಇಂಥ ನಾಲ್ಕು ಕ್ಯಾಮೆರಾ ಒಟ್ಟಿಗೆ ಓಡಿದರೆ 368 ಮೆಗಾಬೈಟ್. ಇದು ಒಂದು ಹಾರ್ಡ್ ಡಿಸ್ಕ್‌ನ ಶಕ್ತಿ ಮೀರಿದ್ದು. ನಾಲ್ಕು ಡಿಸ್ಕ್ ಹೆಗಲು ಕೊಟ್ಟರೆ ಸಾಧ್ಯ.

ಮೊದಲು ಪರೀಕ್ಷೆ ಮಾಡಿ. ಎಡಿಟಿಂಗ್ ನಿಧಾನವಾದಾಗ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಅಥವಾ ಮ್ಯಾಕ್‌ನ ಆ್ಯಕ್ಟಿವಿಟಿ ಮಾನಿಟರ್ ತೆರೆದು ನೋಡಿ. ಪ್ರೊಸೆಸರ್ ಶೇ 100ರ ಹತ್ತಿರ ಇದ್ದು ಡಿಸ್ಕ್ ಆರಾಮಾಗಿದ್ದರೆ, ಹೊಸ ಪೆಟ್ಟಿಗೆಯಿಂದ ಹ್ಯಾಂಗ್ ನಿಲ್ಲುವುದಿಲ್ಲ.

ಮಾತು 3: "ಟೈಪ್-ಸಿ ಇದ್ದರೆ ಸಾಕು, ಯಾವ ಕೇಬಲ್ ಆದರೂ ಆಗುತ್ತೆ"

ತಪ್ಪು. ಟೈಪ್-ಸಿ ಎನ್ನುವುದು ತುದಿಯ ಆಕಾರದ ಹೆಸರು. ಒಳಗಿನ ವೇಗವನ್ನು ಅದು ಹೇಳುವುದಿಲ್ಲ. ಫೋನ್ ಚಾರ್ಜ್ ಮಾಡುವ ಅನೇಕ ಟೈಪ್-ಸಿ ಕೇಬಲ್‌ಗಳು ಯುಎಸ್‌ಬಿ 2.0 ವೇಗಕ್ಕೆ ಸೀಮಿತ. ಅಂದರೆ ಕಾಗದದ ಮೇಲೆ 480 ಮೆಗಾಬಿಟ್, ಕೈಗೆ ಸಿಗುವುದು ಸೆಕೆಂಡಿಗೆ 40 ಮೆಗಾಬೈಟ್ ಆಸುಪಾಸು. ಈ ವೇಗದಲ್ಲಿ 4 ಟಿಬಿ ಸಾಗಿಸಲು ಸುಮಾರು 28 ಗಂಟೆ ಬೇಕು. ಹಳೆಯ ಡಿಸ್ಕ್ ಸೆಕೆಂಡಿಗೆ 150 ಮೆಗಾಬೈಟ್ ಓದಬಲ್ಲದಾದರೆ, ಸರಿಯಾದ ಕೇಬಲ್‌ನಲ್ಲಿ ಅದೇ ಕೆಲಸ ಏಳೂವರೆ ಗಂಟೆಯೊಳಗೆ ಮುಗಿಯುತ್ತದೆ.

ಪೆಟ್ಟಿಗೆಯ ಜೊತೆ ಬಂದ ಕೇಬಲನ್ನೇ ಬಳಸಿ. ಅದನ್ನು ಚಾರ್ಜಿಂಗ್‌ಗೆ ಎತ್ತಿಕೊಂಡು ಹೋಗದಂತೆ ಗುರುತು ಹಾಕಿಡಿ. ಕಂಪ್ಯೂಟರ್‌ನಲ್ಲೂ ವೇಗದ ಪೋರ್ಟ್‌ಗೇ ಚುಚ್ಚಿ. ಕಂಪ್ಯೂಟರ್, ಕೇಬಲ್, ಪೆಟ್ಟಿಗೆ ಮೂರರಲ್ಲಿ ಯಾವುದು ನಿಧಾನವೋ ಒಟ್ಟು ವೇಗ ಅದರದ್ದೇ.

ಮಾತು 4: "ಹಳೆಯ ಡಿಸ್ಕ್‌ಗಳನ್ನೇ ಪೆಟ್ಟಿಗೆಗೆ ಹಾಕಿ"

ಇದು ಇಡೀ ಸಂದೇಶದಲ್ಲೇ ಅತಿ ಅಪಾಯದ ಮಾತು.

ಹೊಸದಾಗಿ ರೇಡ್ ಜೋಡಣೆ ಮಾಡಿದಾಗ, ಅಥವಾ ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಿಸಿದಾಗ, ಸಾಮಾನ್ಯವಾಗಿ ಡಿಸ್ಕ್‌ಗಳಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಫೂಟೇಜ್ ತುಂಬಿದ ಹಳೆಯ ಡಿಸ್ಕನ್ನು ಪೆಟ್ಟಿಗೆಗೆ ಹಾಕಿದ ಕೂಡಲೇ ಕಂಪ್ಯೂಟರ್ "ಈ ಡಿಸ್ಕನ್ನು ಇನಿಷಿಯಲೈಸ್ ಮಾಡಬೇಕೇ?" ಅಥವಾ "ಫಾರ್ಮ್ಯಾಟ್ ಮಾಡಬೇಕೇ?" ಎಂದು ಕೇಳಬಹುದು. ಅಭ್ಯಾಸಬಲದಿಂದ ಓಕೆ ಒತ್ತಿದರೆ ಹಳೆಯ ಮದುವೆಗಳ ಕಥೆ ಅಲ್ಲಿಗೆ ಮುಗಿಯಬಹುದು. ಇಂಥ ಪ್ರಶ್ನೆ ಬಂದರೆ ಏನನ್ನೂ ಒತ್ತದೆ, ಡಿಸ್ಕ್ ಹೊರತೆಗೆದು, ಅದರಲ್ಲಿ ಏನಿದೆ ಎಂದು ಹಳೆಯ ರೀತಿಯಲ್ಲೇ ಜೋಡಿಸಿ ನೋಡಿ.

ಡಿಸ್ಕ್‌ನ ಬಗೆಯೂ ಮುಖ್ಯ. ಕೆಲವು ಹಾರ್ಡ್ ಡಿಸ್ಕ್‌ಗಳಲ್ಲಿ ದತ್ತಾಂಶದ ಪಟ್ಟಿಗಳನ್ನು ಮಂಗಳೂರು ಹೆಂಚಿನಂತೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಬರೆದಿರುತ್ತಾರೆ. ಇದಕ್ಕೆ ಎಸ್‌ಎಂಆರ್ ಎನ್ನುತ್ತಾರೆ. ಕಡಿಮೆ ಜಾಗದಲ್ಲಿ ಹೆಚ್ಚು ಹಿಡಿಸುತ್ತದೆ. ಆದರೆ ನಡುವಿನ ಒಂದು ಹೆಂಚು ಬದಲಿಸಲು ಸುತ್ತಲಿನ ಹೆಂಚುಗಳನ್ನೂ ಎತ್ತಬೇಕಲ್ಲವೇ? ಹಾಗೆಯೇ ಇಲ್ಲಿ ಮರುಬರವಣಿಗೆ ನಿಧಾನ. ರೇಡ್ ಪೆಟ್ಟಿಗೆಗೆ ಇದು ಹೊಂದುವುದಿಲ್ಲ. ಸಿಎಂಆರ್ ಎಂಬ ಬಗೆಯ ಡಿಸ್ಕ್ ಬೇಕೆಂದು ಅಂಗಡಿಯಲ್ಲಿ ಕೇಳಿ, ಕಂಪನಿಯ ಜಾಲತಾಣದಲ್ಲಿ ಮಾದರಿ ಸಂಖ್ಯೆ ಹಾಕಿ ಖಚಿತಪಡಿಸಿಕೊಳ್ಳಿ.

ಇನ್ನೊಂದು ಸಂಶಯಕ್ಕೂ ಉತ್ತರ ಹೇಳಿಬಿಡೋಣ. 4 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ 3.63 ಟಿಬಿ ಎಂದು ಕಂಡರೆ ಅಂಗಡಿಯವರು ಮೋಸ ಮಾಡಿಲ್ಲ. ಡಿಸ್ಕ್ ಕಂಪನಿ 1,000ದ ಗುಣಕದಲ್ಲಿ ಎಣಿಸುತ್ತದೆ, ವಿಂಡೋಸ್ 1,024ರ ಗುಣಕದಲ್ಲಿ ಎಣಿಸುತ್ತದೆ. ವಸ್ತು ಅಷ್ಟೇ, ಅಳತೆಯ ಸೇರು ಬೇರೆ.

ಮಾತು 5: "ಡಿಸ್ಕ್ ಕೆಟ್ಟರೆ ಫ್ರೀಜರ್‌ನಲ್ಲಿಡಿ, ಸರಿಯಾಗುತ್ತೆ"

ದಯವಿಟ್ಟು ಮಾಡಬೇಡಿ. ಹಾರ್ಡ್ ಡಿಸ್ಕ್ ಓದುವ ತಲೆ, ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ನಮ್ಮ ಕೂದಲಿನ ದಪ್ಪ ಅದರ ಸಾವಿರಾರು ಪಟ್ಟು. ಫ್ರೀಜರ್‌ನಿಂದ ತೆಗೆದ ನೀರಿನ ಬಾಟಲಿಯ ಮೇಲೆ ಬೆವರಿನಂತೆ ಹನಿ ಕೂರುವುದನ್ನು ನೋಡಿದ್ದೀರಲ್ಲ. ಅದೇ ತೇವ ಡಿಸ್ಕ್‌ನ ಸರ್ಕ್ಯೂಟ್ ಮೇಲೆ, ಕೆಲವು ಡಿಸ್ಕ್‌ಗಳಲ್ಲಿ ಒಳಗಿನ ತಟ್ಟೆಯ ಮೇಲೂ ಕೂರಬಹುದು. ಆ ಸ್ಥಿತಿಯಲ್ಲಿ ಓಡಿಸಿದರೆ ಉಳಿದಿದ್ದೂ ಹಾಳಾಗುತ್ತದೆ. ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಕೂಡಲೇ ಆಫ್ ಮಾಡಿ. ಮತ್ತೆ ಮತ್ತೆ ಆನ್ ಮಾಡಿ ನೋಡುವುದರಿಂದಲೂ ಹಾನಿ ಹೆಚ್ಚುತ್ತದೆ. ಒಳಗಿನದು ಬೇಕೇ ಬೇಕು ಎಂದಾದರೆ ಡೇಟಾ ರಿಕವರಿ ಮಾಡುವ ಪರಿಣತರ ಬಳಿ ಒಯ್ಯುವುದೊಂದೇ ದಾರಿ.

ಹಾಗಾದರೆ ಸಾಗಿಸುವುದು ಹೇಗೆ?

ವಿಡಿಯೋಗಳು ಕಳೆದುಹೋಗುವ ಅಪಾಯ ಹೆಚ್ಚಿರುವುದು ಅವು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಹೊತ್ತಿನಲ್ಲಿ. ಅದಕ್ಕೆ ಈ ಕ್ರಮ ಅನುಸರಿಸಿ.

1. ಪೆಟ್ಟಿಗೆಗೆ ಹೊಸ, ಖಾಲಿ ಡಿಸ್ಕ್‌ಗಳನ್ನೇ ಹಾಕಿ. ಮೊದಲು ರೇಡ್ ಬಗೆ ಆರಿಸಿ, ಫಾರ್ಮ್ಯಾಟ್ ಮಾಡಿ. ಸಣ್ಣ ಸ್ಟುಡಿಯೋಗೆ ರೇಡ್ 5 ಅಥವಾ ರೇಡ್ 10 ಸೂಕ್ತ. ರೇಡ್ 0 ಬೇಕೆಂದರೆ, ಬೇರೆಡೆ ಪ್ರತಿ ಇರುವ ಫೂಟೇಜ್‌ಗೆ ಮಾತ್ರ.

2. ಕೆಲವು ದಿನ ಮುಖ್ಯವಲ್ಲದ ಫೈಲ್‌ಗಳನ್ನು ಹಾಕಿ ಓಡಿಸಿ ನೋಡಿ. ಹೊಸ ಡಿಸ್ಕ್‌ನಲ್ಲಿ ತಯಾರಿಕೆಯ ದೋಷ ಇದ್ದರೆ ಆರಂಭದಲ್ಲೇ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚು.

3. ಯುಪಿಎಸ್ ಜೋಡಿಸಿ. ಬರೆಯುತ್ತಿರುವಾಗ ಕರೆಂಟ್ ಹೋದರೆ ಒಂದು ಫೈಲ್ ಮಾತ್ರವಲ್ಲ, ಇಡೀ ಜೋಡಣೆಯೇ ಗೊಂದಲಕ್ಕೆ ಬೀಳಬಹುದು. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಪೆಟ್ಟಿಗೆಗೆ ಇಲ್ಲ ಎಂಬುದನ್ನು ನೆನಪಿಡಿ.

4. ಕಟ್ ಬೇಡ, ಕಾಪಿ ಮಾಡಿ. ಹಳೆಯ ಡಿಸ್ಕ್‌ನಲ್ಲಿ ಇರುವುದು ಹಾಗೇ ಇರಲಿ.

5. ಕಾಪಿ ಆದದ್ದನ್ನು ಚೆಕ್‌ಸಮ್‌ನಿಂದ ತಾಳೆ ನೋಡಿ. ಚೆಕ್‌ಸಮ್ ಎಂದರೆ ಫೈಲ್‌ನ ಹೆಬ್ಬೆಟ್ಟಿನ ಗುರುತು. ಒಂದು ಬಿಟ್ ಬದಲಾದರೂ ಗುರುತು ಬದಲಾಗುತ್ತದೆ. ಫೋಲ್ಡರ್‌ನ ಗಾತ್ರ ಒಂದೇ ಇದೆ ಎಂದ ಮಾತ್ರಕ್ಕೆ ಒಳಗಿನದು ಸರಿ ಇದೆ ಎನ್ನಲಾಗದು. ವಿಂಡೋಸ್‌ನಲ್ಲಿ ಟೆರಾಕಾಪಿ, ಡಾವಿಂಚಿ ರಿಸಾಲ್ವ್‌ನ ಕ್ಲೋನ್ ಟೂಲ್ ಮೊದಲಾದವು ಈ ತಾಳೆಯನ್ನು ತಾವೇ ಮಾಡುತ್ತವೆ.

6. ಪ್ರಾಜೆಕ್ಟ್ ಫೈಲ್ ಮರೆಯಬೇಡಿ. ಪ್ರೀಮಿಯರ್ ಪ್ರೊದಲ್ಲಿ ಅದು ಪ್ರತ್ಯೇಕ ಫೈಲ್. ಡಾವಿಂಚಿ ರಿಸಾಲ್ವ್ ಪ್ರಾಜೆಕ್ಟ್‌ಗಳನ್ನು ತನ್ನದೇ ಡೇಟಾಬೇಸ್‌ನಲ್ಲಿ ಇಡುತ್ತದೆ. ಫೂಟೇಜ್ ಫೋಲ್ಡರ್ ಸಾಗಿಸಿದರೆ ಪ್ರಾಜೆಕ್ಟ್ ಅದರ ಜೊತೆ ಬರುವುದಿಲ್ಲ. ಅದನ್ನು ಎಕ್ಸ್‌ಪೋರ್ಟ್ ಮಾಡಿ ಬೇರೆ ಇಡಬೇಕು. ಫೂಟೇಜ್ ಉಳಿದು ಎಡಿಟ್ ಕಳೆದರೆ ವಾರಗಳ ದುಡಿಮೆ ನೀರುಪಾಲು.

7. ಫೋಲ್ಡರ್‌ಗಳ ಹೆಸರನ್ನು ಬದಲಿಸದೆ ಸಾಗಿಸಿ. ತಂತ್ರಾಂಶ "ಮೀಡಿಯಾ ಆಫ್‌ಲೈನ್" ಎಂದು ಕೆಂಪು ತೋರಿಸಿದರೆ ಗಾಬರಿ ಬೇಡ. ಹೊಸ ಜಾಗವನ್ನು ತೋರಿಸಿ ರೀಲಿಂಕ್ ಮಾಡಿದರೆ ಸರಿಹೋಗುತ್ತದೆ. ತಾತ್ಕಾಲಿಕ ಕ್ಯಾಶೆ ಫೈಲ್‌ಗಳು ಲ್ಯಾಪ್‌ಟಾಪ್‌ನ ಒಳಗಿನ ಎಸ್‌ಎಸ್‌ಡಿಯಲ್ಲೇ ಇರಲಿ, ಅದು ವೇಗ.

8. ಒಂದೆರಡು ಹಳೆಯ ಪ್ರಾಜೆಕ್ಟ್‌ಗಳನ್ನು ಪೆಟ್ಟಿಗೆಯಿಂದಲೇ ತೆರೆದು, ಪೂರ್ತಿ ಓಡಿಸಿ, ಎಕ್ಸ್‌ಪೋರ್ಟ್ ಮಾಡಿ ನೋಡಿ. ಎರಡನೇ ಪ್ರತಿ ಸಿದ್ಧವಾಗುವವರೆಗೆ ಹಳೆಯ ಡಿಸ್ಕ್ ಅಳಿಸಬೇಡಿ.

ಪೆಟ್ಟಿಗೆಯನ್ನು ಗಾಳಿಯಾಡುವ ಕಡೆ ಇಡಿ. ಬೀರುವಿನೊಳಗೆ ಮುಚ್ಚಿಟ್ಟರೆ ಬಿಸಿ ಏರುತ್ತದೆ. ಓಡುತ್ತಿರುವಾಗ ಎತ್ತಿ ಪಕ್ಕಕ್ಕೆ ಇಡಬೇಡಿ. ಕೇಬಲ್ ಕೀಳುವ ಮೊದಲು ತಪ್ಪದೆ ಇಜೆಕ್ಟ್ ಮಾಡಿ.

ಎರಡನೇ ಪ್ರತಿ ಎಲ್ಲಿರಬೇಕು?

ಛಾಯಾಗ್ರಾಹಕರಿಗಾಗಿ ಅಮೆರಿಕದ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಎಂಬ ಸರಳ ನಿಯಮ ಇದೆ. ಒಟ್ಟು 3 ಪ್ರತಿ, 2 ಬೇರೆ ಬಗೆಯ ಸಾಧನಗಳಲ್ಲಿ, ಅದರಲ್ಲಿ 1 ಬೇರೆ ಜಾಗದಲ್ಲಿ.

ಸಣ್ಣ ಸ್ಟುಡಿಯೋಗೆ ಇದು ದುಬಾರಿ ಅನ್ನಿಸಬಹುದು. ಅದಕ್ಕೆ ಸುಲಭದ ರೂಪ ಹೀಗಿದೆ. ಕೆಲಸದ ಪ್ರತಿ ಪೆಟ್ಟಿಗೆಯಲ್ಲಿ. ಎರಡನೆಯದು, ನಿಮ್ಮ ಬಳಿ ಈಗಾಗಲೇ ಇರುವ ಸಾದಾ ಹಾರ್ಡ್ ಡಿಸ್ಕ್‌ಗಳಲ್ಲಿ. ಕಾಪಿ ಆದ ಮೇಲೆ ಕೇಬಲ್ ಕಿತ್ತು ಇಟ್ಟರೆ ರ್ಯಾನ್ಸಮ್‌ವೇರ್ ಅದನ್ನು ಮುಟ್ಟಲಾರದು. ಮೂರನೆಯದು ಇನ್ನೊಂದು ಡಿಸ್ಕ್‌ನಲ್ಲಿ, ಮನೆಯಲ್ಲೋ ನೆಂಟರ ಮನೆಯಲ್ಲೋ. ಕ್ಲೌಡ್‌ಗೆ ಎಲ್ಲ ಫೂಟೇಜ್ ಏರಿಸುವುದು ಕಷ್ಟ: 675 ಜಿಬಿಯನ್ನು 100 ಎಂಬಿಪಿಎಸ್ ಅಪ್‌ಲೋಡ್ ವೇಗದಲ್ಲಿ ಏರಿಸಲು 15 ಗಂಟೆ ಬೇಕು. ಸಿದ್ಧವಾದ ಚಿತ್ರ ಮತ್ತು ಪ್ರಾಜೆಕ್ಟ್ ಫೈಲ್‌ಗಳನ್ನಾದರೂ ಏರಿಸಿಡಿ. ಹೊಸ ಪೆಟ್ಟಿಗೆಗೆ ಇಟ್ಟ ಹಣದಲ್ಲಿ ಬ್ಯಾಕಪ್ ಡಿಸ್ಕ್‌ಗೆ ಉಳಿಯುವುದಿಲ್ಲ ಎಂದಾದರೆ, ಚಿಕ್ಕ ಪೆಟ್ಟಿಗೆ ಕೊಳ್ಳಿ.

ಆರು ತಿಂಗಳಿಗೊಮ್ಮೆ ಬ್ಯಾಕಪ್ ಡಿಸ್ಕ್ ಜೋಡಿಸಿ, ಒಂದೆರಡು ವಿಡಿಯೋ ತೆರೆದು ನೋಡಿ. ಪಿಕ್ಸಾರ್‌ನಲ್ಲಿ ಕೈಕೊಟ್ಟಿದ್ದು, ಇದೆ ಎಂದು ನಂಬಿದ್ದ ಬ್ಯಾಕಪ್.

ನೀವು ಎಡಿಟರ್ ಅಲ್ಲದಿದ್ದರೆ?

ಈ ವಿಷಯ ನಿಮಗೂ ಸಂಬಂಧಿಸಿದ್ದೇ. ಮದುವೆಯ ನಂತರ ಸ್ಟುಡಿಯೋದವರು ಕೊಟ್ಟ ಪೆನ್‌ಡ್ರೈವ್ ಬೀರುವಿನಲ್ಲಿ ಒಡವೆಯ ಪಕ್ಕ ಇದೆಯಲ್ಲ, ಬಹುಶಃ ಅದೇ ನಿಮ್ಮ ಏಕೈಕ ಪ್ರತಿ. ಪೆನ್‌ಡ್ರೈವ್‌ನಲ್ಲಿ ದತ್ತಾಂಶ ಇರುವುದು ವಿದ್ಯುದಾವೇಶದ ರೂಪದಲ್ಲಿ. ವರ್ಷಗಟ್ಟಲೆ ಮುಟ್ಟದೆ ಇಟ್ಟರೆ ಅದು ಸೋರಿಹೋಗಬಹುದು. ಇವತ್ತೇ ಒಂದು ಹಾರ್ಡ್ ಡಿಸ್ಕ್‌ಗೋ ಕಂಪ್ಯೂಟರ್‌ಗೋ ಕಾಪಿ ಮಾಡಿ, ಇನ್ನೊಂದು ಪ್ರತಿಯನ್ನು ತವರಿನಲ್ಲೋ ಅಣ್ಣತಮ್ಮಂದಿರ ಮನೆಯಲ್ಲೋ ಇಡಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ವಿಡಿಯೋವನ್ನು ಪ್ರತಿ ಎಂದು ಎಣಿಸಬೇಡಿ. ವಿಡಿಯೋ ಎಂದು ಕಳಿಸಿದಾಗ ಅದು ಕುಗ್ಗಿ, ಗುಣಮಟ್ಟ ಇಳಿದಿರುತ್ತದೆ.

ಸ್ಟುಡಿಯೋದವರಿಗೆ ಮುಂಗಡ ಕೊಡುವಾಗ ಎರಡು ಪ್ರಶ್ನೆ ಕೇಳಿ: "ನಮ್ಮ ಫೂಟೇಜ್ ಎಷ್ಟು ದಿನ ಇಟ್ಟಿರ್ತೀರಿ? ಎಷ್ಟು ಕಡೆ ಇಟ್ಟಿರ್ತೀರಿ?" ಒಳ್ಳೆಯ ಸ್ಟುಡಿಯೋದವರು ಬೇಸರಪಡುವುದಿಲ್ಲ.

1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ವನ್ನು ಇಂದು ನೋಡಬೇಕೆಂದರೆ ಸಿಗುವುದಿಲ್ಲ. ಅದರ ಪ್ರತಿ ಎಲ್ಲೂ ಉಳಿದಂತಿಲ್ಲ. ಆ ಕಾಲದಲ್ಲಿ ಪ್ರತಿ ತೆಗೆಯುವುದೆಂದರೆ ದುಬಾರಿಯ ಕೆಲಸವಾಗಿತ್ತು. ನಮಗೆ ಅದು ಒಂದು ಕೇಬಲ್, ಕೆಲವು ಗಂಟೆಗಳ ಕೆಲಸ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ:

"ಹಲವು ಡಿಸ್ಕ್‌ನ ಪೆಟ್ಟಿಗೆ ಜಾಗಕ್ಕೆ, ವೇಗಕ್ಕೆ ಒಳ್ಳೆಯದು. ಆದರೆ ಅದು ಬ್ಯಾಕಪ್ ಅಲ್ಲ. ಡಿಲೀಟ್, ಕಳ್ಳತನ, ವೈರಸ್, ಸೋರಿದ ಸೂರು ಇದ್ಯಾವುದರಿಂದಲೂ ಅದು ಕಾಪಾಡಲ್ಲ. ಫೂಟೇಜ್ ಇರುವ ಹಳೆಯ ಡಿಸ್ಕ್ ಅದಕ್ಕೆ ಹಾಕಬೇಡಿ, ಅಳಿಸಿಹೋಗಬಹುದು. ಕಟ್ ಬೇಡ, ಕಾಪಿ ಮಾಡಿ, ತಾಳೆ ನೋಡಿ. ಇನ್ನೊಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ, ಬೇರೆ ಮನೆಯಲ್ಲಿ ಇಡಿ."